ಅಕ್ಕನ ಮನೆಯ ನೀಲಿ ಫೋನು

ಹಲೋ ಮಾವನ ಬಗ್ಗೆ ಒಂದು ಒಳ್ಳೆಯ ಮಾತನ್ನು ಮೊದಲೇ ಹೇಳಿ ಮುಗಿಸಿಬಿಡುವುದು ವಾಸಿ, ಮುಂದೆ ಅದಕ್ಕೆ ಅವಕಾಶ ಸಿಗುವುದಿಲ್ಲ. ಅವನ ಕೈಕೆಲಸ ಅಚ್ಚುಕಟ್ಟು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ. ಅವನು ಸುತ್ತಿದ ಮೋಟಾರು ಸುಡುವುದಿಲ್ಲ, ಅವನು ಬಿಗಿದ ತಿರುಪು ಸಡಿಲಾಗುವುದಿಲ್ಲ. ಇಷ್ಟು ಸಾಕು.

ಮೇಲಿನ ಮನೆಯಲ್ಲಿ ಫೋನುಗಳು, ಊರವರು ಅವನಿಗೆ ಹಲೋ ಮಾವ ಎಂದು ಹೆಸರಿಟ್ಟದ್ದೂ ಅವುಗಳಿಂದಲೇ. ಬೆರಳು ತೂರಿಸಿ ತಿರುಗಿಸುವ ಹಳೇ ಡಯಲ್ ಫೋನುಗಳು, ಅದೂ ಬಣ್ಣದವು ಮಾತ್ರ. ಕಪ್ಪು ಫೋನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಕಪ್ಪು ಫೋನು ಕೇಳಿದೋರಿಗೆಲ್ಲ ಕೊಟ್ರು. ಬಣ್ಣದ್ದು ಯೋಗ್ಯತೆ ಇದ್ದೋರಿಗೆ ಕೊಟ್ರು" ಎನ್ನುವುದು ಅವನ ಸಿದ್ಧಾಂತ. ಅವನ ಅಪ್ಪನ ಕಾಲದಲ್ಲಿ ಆ ಮನೆಗೆ ಕಪ್ಪೂ ಬಂದಿರಲಿಲ್ಲ, ಬಣ್ಣದ್ದೂ ಬಂದಿರಲಿಲ್ಲ ಎನ್ನುವುದು ಬೇರೆ ಮಾತು. ಈಗ ನೋಡಿದರೆ ಕೆಂಪು, ಹಸಿರು, ಸಾಸಿವೆ ಹಳದಿ, ಬೂದು, ಗುಲಾಬಿ, ದಂತದ ಬಿಳುಪು. ಹಾಲಿನ ಗೋಡೆಯ ತುಂಬ ಹಲಗೆ, ಹಲಗೆಯ ತುಂಬ ಫೋನು. ಫ್ರಿಜ್ಜಿನ ಮೇಲೆ ಎರಡು, ಬೀರುವಿನೊಳಗೆ ಮಿಕ್ಕಿದವು. ಬೀರುವಿನಲ್ಲಿದ್ದ ಹೆಂಡತಿಯ ಬಟ್ಟೆಗಳು ಮಂಚದ ಕೆಳಗಿನ ಟ್ರಂಕಿಗೆ ಹೋಗಿ ಎಷ್ಟೋ ಕಾಲವಾಗಿತ್ತು.

"ಮನೆ ತುಂಬಾ ಫೋನು, ಒಂದಕ್ಕೂ ಬಾಯಿಲ್ಲ. ಬಾಯಿರೋಳು ನಾನೊಬ್ಬಳು, ಕೇಳೋರಿಲ್ಲ" ಎಂದು ಹೆಂಡತಿ ಬಂದವರ ಎದುರಿಗೇ ಅನ್ನುತ್ತಿದ್ದಳು. ಅವನು ನಗುತ್ತಿದ್ದ. ಬೆಳಿಗ್ಗೆ ಎದ್ದು ಹಳೇ ಬನಿಯನ್ ತುಂಡಿಗೆ ಹಲ್ಲುಜ್ಜುವ ಪೇಸ್ಟು ಹಚ್ಚಿ ಒಂದೊಂದನ್ನೇ ಉಜ್ಜುತ್ತಿದ್ದ. ಪೇಸ್ಟಿನಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನ ಗೀರು ಹೋಗಿ ಹೊಳಪು ಬರುತ್ತದಂತೆ. ಮನೆಯಲ್ಲಿ ಹಲ್ಲಿಗಿಂತ ಫೋನಿಗೇ ಪೇಸ್ಟು ಹೆಚ್ಚು ಖರ್ಚಾಗುತ್ತಿತ್ತು. ಹೆಂಡತಿ ಮೈ ಬಿಸಿಯಾಗಿ ಮಲಗಿದ ದಿನವೂ ಆ ಉಜ್ಜಾಟ ತಪ್ಪಿದ್ದಿಲ್ಲ.

ಈ ಹುಚ್ಚಿನವರಿಗೆಲ್ಲ ಒಂದು ಅಭ್ಯಾಸ ಇರುತ್ತದೆ, ಅದನ್ನು ಇಲ್ಲೇ ಹೇಳಿಬಿಡಬೇಕು. ಹಳೇ ಫೋನಿನ ಹೊಟ್ಟೆಯಲ್ಲಿ ಬಟ್ಟಲಿನಂಥ ಎರಡು ಗಂಟೆ, ನಡುವೆ ಒಂದು ಪುಟ್ಟ ಸುತ್ತಿಗೆ. ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರೆ ಗುಂಡಿ ಸಿಕ್ಕಾಗಲೆಲ್ಲ ಅದು ಟಿಣ್ ಎನ್ನುತ್ತದೆ, ಬಸ್ಸಿನವರೆಲ್ಲ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಅದಕ್ಕೇ ಸಾಗಿಸುವ ಮೊದಲು ಆ ಸುತ್ತಿಗೆಯನ್ನು ದಾರದಿಂದ ಬಿಗಿಯಾಗಿ ಕಟ್ಟಿಬಿಡುತ್ತಾರೆ. ಮನೆಗೆ ತಂದ ಮೇಲೆ ಬಿಚ್ಚುವವರು ಯಾರು? ಹಲಗೆಯ ಮೇಲೆ ಕೂರುವ ಫೋನು ಕೂಗಿ ಆಗಬೇಕಾದ್ದೇನು? ಹಲೋ ಮಾವನ ಮನೆಯ ಫೋನುಗಳೆಲ್ಲ ಹೀಗೆ ನಾಲಿಗೆ ಕಟ್ಟಿಸಿಕೊಂಡೇ ಕೂತಿದ್ದವು.

ಅವನಿಗೊಬ್ಬ ಎದುರಾಳಿ ಇದ್ದ, ಹಲ್ಲಿನ ಡಾಕ್ಟರು. ಇಬ್ಬರೂ ಸ್ನೇಹಿತರು ಅಂತ ಹೇಳಿಕೊಳ್ಳುತ್ತಿದ್ದರು. ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳು ಕೂರುವ ಕಡೆ ಗಾಜಿನ ಬೀರು, ಅದರೊಳಗೆ ಅವರ ಫೋನುಗಳು. ವರ್ಷಕ್ಕೊಮ್ಮೆ ಗ್ರಂಥಾಲಯದ ಹಾಲಿನಲ್ಲಿ ಹಳೇ ವಸ್ತುಗಳ ಪ್ರದರ್ಶನ ಆಗುತ್ತದೆ. ನಾಣ್ಯದವರು, ಗಡಿಯಾರದವರು, ಕ್ಯಾಮೆರಾದವರು ಎಲ್ಲ ಬರುತ್ತಾರೆ. ಫೋನಿನವರಲ್ಲಿ ಯಾರ ಬಣ್ಣದ ಸಾಲು ಪೂರ್ತಿ ಇದೆಯೋ ಅವರಿಗೆ ನಡುವಿನ ಮೇಜು. ಅದು ಪ್ರತಿ ವರ್ಷ ಫೋನಿನವರಿಗೆ ಸಿಗದೆ ಗಡಿಯಾರದವರ ಪಾಲಾಗುತ್ತಿತ್ತು, ಏಕೆಂದರೆ ಇಬ್ಬರ ಹತ್ತಿರವೂ ನೀಲಿ ಇರಲಿಲ್ಲ. ತಿಳಿ ನೀಲಿ ಫೋನು ಬಂದದ್ದೇ ಕಡಿಮೆ, ಬಂದವೂ ಬಿಸಿಲಿಗೆ ಬೆಳ್ಳಗಾಗಿ ಹೋದವು. "ನೀಲಿ ಇಲ್ಲದ ಸಾಲು ಮುಂದಿನ ಹಲ್ಲು ಹೋದ ಬಾಯಿ ಇದ್ದ ಹಾಗೆ ಕಣ್ರೀ" ಎಂದು ಡಾಕ್ಟರು ಒಂದು ಸಲ ಅಂದರು. ಹೋದ ವರ್ಷ ಇನ್ನೂ ಒಂದು ಮಾತು ಸೇರಿಸಿದರು. "ನನಗೊಂದು ಕಡೆ ಸುಳಿವು ಸಿಕ್ಕಿದೆ. ಮುಂದಿನ ಪ್ರದರ್ಶನಕ್ಕೆ ನೋಡೋರಂತೆ." ಅಷ್ಟೇ. ಹಲೋ ಮಾವನ ಹೊಟ್ಟೆಗೆ ಕಿಚ್ಚು ಬಿತ್ತು.

ಅವನಿಗೆ ಸುಳಿವು ಬೇಕಾಗಿರಲಿಲ್ಲ. ನೀಲಿ ಫೋನು ಎಲ್ಲಿದೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನ ಮನೆಯಲ್ಲಿ, ಒಳಕೋಣೆಯ ಮೇಜಿನ ಮೇಲೆ.

ಅಕ್ಕ ಅಂದರೆ ಅವನಿಗೆ ತಾಯಿಯ ಜಾಗದಲ್ಲಿದ್ದವಳು. ತಾಯಿ ಸತ್ತಾಗ ಅವನಿಗಿನ್ನೂ ಹಾಲುಹಲ್ಲು ಉದುರಿರಲಿಲ್ಲ. ಮೂಗು ಒರೆಸಿ, ಅನ್ನ ಕಲಸಿ ಬಾಯಿಗಿಟ್ಟು, ಸುಳ್ಳು ಹೇಳಿದರೆ ಕಿವಿ ಹಿಂಡಿ ಬೆಳೆಸಿದವಳು ಅವಳೇ. ಕಿವಿ ಹಿಂಡಿದ್ದು ಸಾಲಲಿಲ್ಲ. ಭಾವ ನೀರು ಸರಬರಾಜಿನ ಮೇಲ್ವಿಚಾರಕ. ಎಲ್ಲಿ ಪೈಪು ಒಡೆದರೂ ಮೊದಲು ಅವರಿಗೆ ತಿಳಿಯಬೇಕು, ಹಾಗಾಗಿ ಮನೆಗೆ ಫೋನು ಕೊಟ್ಟರು. ಆವತ್ತು ಉಗ್ರಾಣದಲ್ಲಿ ಕಪ್ಪು ಮುಗಿದು ನೀಲಿ ಮಾತ್ರ ಉಳಿದಿತ್ತಂತೆ. ಡಯಲಿನ ನಡುವಿನ ದುಂಡನೆಯ ಚೀಟಿಯ ಮೇಲೆ ಭಾವ ತಮ್ಮ ಕೈಯಾರೆ ಮನೆಯ ನಂಬರು ಬರೆದು ಸಿಕ್ಕಿಸಿದರು. ಭಾವ ಹೋದರು, ಫೋನು ಉಳಿಯಿತು. ಒಳಕೋಣೆಗೆ ಬಿಸಿಲು ಬೀಳದ್ದರಿಂದ ಬಣ್ಣ ಕೂಡ ಹಾಗೇ ಉಳಿಯಿತು.

ಅಕ್ಕನಿಗೊಬ್ಬಳು ಮಗಳು. ಲಾರಿ ಆಫೀಸಿನ ಗುಮಾಸ್ತನೊಬ್ಬನನ್ನು ಮೆಚ್ಚಿದಳು, ಅಕ್ಕ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. "ಹೋಗೋದಾದ್ರೆ ಹೋಗು, ಈ ಹೊಸ್ತಿಲು ಮತ್ತೆ ತುಳೀಬೇಡ" ಎಂದಳು ಅಕ್ಕ. ಪಕ್ಕದಲ್ಲಿ ನಿಂತಿದ್ದ ಹಲೋ ಮಾವ "ಮತ್ತಿನ್ನೇನು" ಎಂದು ತಾಳ ಹಾಕಿದ. ತಾಯಿ ಸಿಟ್ಟಿನಲ್ಲಿ ಅಂದದ್ದು ಸಂಜೆಗೆ ಕರಗುತ್ತದೆ, ಪಕ್ಕದವರು ಹಾಕಿದ ತಾಳ ಕಿವಿಯಲ್ಲಿ ಉಳಿಯುತ್ತದೆ. ಹುಡುಗಿ ಚೀಲ ಎತ್ತಿಕೊಂಡು ಹೋದಳು. ಗುಮಾಸ್ತನಿಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿಗೆ ಸಂಬಂಧ ಕಡಿಯಿತು.

ಅಕ್ಕನಿಗೆ ಅಂದಿನಿಂದ ಒಂದೇ ಕೆಲಸ, ಆ ಫೋನಿಗೆ ಕಿವಿ ಕೊಟ್ಟು ಕೂರುವುದು. ಬೀದಿಯಲ್ಲೆಲ್ಲ ಮೊಬೈಲು ಬಂದು ತಂತಿಯ ಫೋನುಗಳನ್ನು ತೆಗೆಸಿದರೂ ಇವಳು ತೆಗೆಸಲಿಲ್ಲ. "ಅವಳಿಗೆ ಗೊತ್ತಿರೋದು ಈ ನಂಬರ್ ಒಂದೇ" ಎನ್ನುತ್ತಿದ್ದಳು. ಸ್ನಾನಕ್ಕೆ ಹೋದರೆ ಬಚ್ಚಲಿನ ಬಾಗಿಲು ಪೂರ್ತಿ ಹಾಕುತ್ತಿರಲಿಲ್ಲ. ಸಾಮಾನು ತರಬೇಕಾದರೆ ಪಕ್ಕದ ಮನೆಯವಳನ್ನು ಕರೆದು ಕೂರಿಸಿ ಹೋಗುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಎರಡು ದಿನ ಆಸ್ಪತ್ರೆಯಲ್ಲಿರಬೇಕು ಎಂದಿದ್ದಕ್ಕೆ ಬೇಡವೇ ಬೇಡ ಎಂದುಬಿಟ್ಟಳು. ಆ ಎರಡು ದಿನದಲ್ಲೇ ಮಗಳು ಫೋನು ಮಾಡಿದರೆ?

ಹಲೋ ಮಾವ ಕೇಳದೆ ಇರಲಿಲ್ಲ. "ಅಕ್ಕ, ಅದನ್ನ ನನಗೆ ಕೊಡು. ಹೊಸದೊಂದು ತಂದಿಡ್ತೀನಿ. ನಂಬರ್ ಅದೇ ಇರುತ್ತೆ."

"ಇದರ ಸದ್ದು ನನಗೆ ನಿದ್ದೇಲೂ ಗೊತ್ತಾಗುತ್ತೆ ಕಣೋ. ಬೇರೆದು ರಿಂಗಾದ್ರೆ ಪಕ್ಕದ ಮನೇದು ಅಂದ್ಕೊಂಡು ಸುಮ್ಮನಿದ್ದುಬಿಟ್ರೆ ಏನು ಗತಿ? ಅವಳು ಒಂದು ಸಲ ಮಾತಾಡ್ಲಿ, ಆಮೇಲೆ ನೀನೇ ತಗೊಂಡು ಹೋಗು."

ಎಷ್ಟು ನ್ಯಾಯವಾದ ಮಾತು. ಆದರೆ ಅವನಿಗೆ ಕಾಯುವ ವ್ಯವಧಾನ ಎಲ್ಲಿಂದ ಬರಬೇಕು? ಅಷ್ಟು ವರ್ಷ ಮಾಡದವಳು ಇನ್ನು ಮಾಡಿದಂತೆಯೇ ಎಂದು ಅವನ ಲೆಕ್ಕ. ಅತ್ತ ಡಾಕ್ಟರು ಸುಳಿವು ಹಿಡಿದು ಹೊರಟಿದ್ದಾರೆ. ಅಕ್ಕನ ಕಣ್ಣಿಗೆ ಪೊರೆ. ದೇವರೇ ದಾರಿ ತೋರಿಸಿದ ಎಂದುಕೊಂಡ. ಕಳ್ಳನಿಗೂ ದೇವರು ನೆನಪಾಗುತ್ತಾನೆ ನೋಡಿ.

ಮುಂದಿನ ಸಲ ಹೋದಾಗ ಧೂಳು ಒರೆಸುವ ನೆಪದಲ್ಲಿ ನೀಲಿ ಫೋನಿನ ತಳದಿಂದ ಉಗುರಿನಷ್ಟು ಚೂರು ಕೆತ್ತಿಕೊಂಡ. ಅದನ್ನು ಕಾರಿಗೆ ಬಣ್ಣ ಹೊಡೆಯುವವನ ಕೈಗೆ ಕೊಟ್ಟು ಅದೇ ಬಣ್ಣ ಕಲಸಿಸಿದ. ತನ್ನಲ್ಲಿದ್ದ ದಂತದ ಬಣ್ಣದ ಫೋನುಗಳಲ್ಲಿ ತೀರಾ ಲಡ್ಡು ಹಿಡಿದದ್ದೊಂದನ್ನು ಆರಿಸಿ ಬಣ್ಣ ಹೊಡೆಸಿದ. ಒಳಗಿನ ಯಂತ್ರ ಸರಿಮಾಡಿದ, ಮೊಬೈಲಿನಲ್ಲಿ ಫೋಟೋ ಹಿಡಿದು ತಂದಿದ್ದ ಭಾವನ ಅಕ್ಷರ ನೋಡಿ ಚೀಟಿಯ ಮೇಲೆ ನಂಬರು ತಿದ್ದಿದ. ಅಚ್ಚುಕಟ್ಟು ಎಂದು ಮೊದಲೇ ಹೇಳಿದೆಯಲ್ಲ. ಕೈಯಲ್ಲಿ ಹಿಡಿದು ದೂರ ಚಾಚಿ ನೋಡಿದರೆ ಅವನಿಗೇ ಒಂದು ಕ್ಷಣ ಗುರುತು ಹತ್ತಲಿಲ್ಲ. ಸುತ್ತಿಗೆಗೆ ದಾರ ಕಟ್ಟಿದ, ಚೀಲಕ್ಕೆ ಹಾಕಿಕೊಂಡ, ಬಸ್ಸು ಹತ್ತಿದ.

"ಡಯಲ್ ಬಿಗಿಯಾಗಿದೆ ಅಂದಿದ್ದೆಯಲ್ಲ ಅಕ್ಕ, ಎಣ್ಣೆ ಬಿಟ್ಟುಕೊಡ್ತೀನಿ" ಎಂದ. ಅಕ್ಕ ಕಾಫಿ ಮಾಡಲು ಒಳಗೆ ಹೋದಳು. ಹಾಲು ಉಕ್ಕುವಷ್ಟರಲ್ಲಿ ಅಸಲಿ ಚೀಲಕ್ಕೆ ಇಳಿದಿತ್ತು, ನಕಲಿ ಮೇಜಿಗೆ ಏರಿತ್ತು. ಅಸಲಿಯ ಸುತ್ತಿಗೆಗೂ ದಾರ ಕಟ್ಟಿದ. ನಕಲಿಯ ರಿಸೀವರ್ ಎತ್ತಿದ, ಟೋನು ಬಂತು. ತನ್ನ ಮೊಬೈಲಿಗೆ ಡಯಲ್ ಮಾಡಿದ, ಜೇಬು ಗುಂಯ್ಗುಟ್ಟಿತು. ಕೆಲಸ ಮುಗಿಯಿತು ಎಂದುಕೊಂಡ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೇರೆ ಯಾರೇ ಆಗಿದ್ದರೂ ಆ ಕಡೆಯಿಂದ ಈ ಕಡೆಗೂ ಒಂದು ಸಲ ಫೋನು ಮಾಡಿ ನೋಡುತ್ತಿದ್ದರು. ಫೋನು ಇರುವುದೇ ಅದಕ್ಕಲ್ಲವೇ? ಇವನಿಗೆ ಫೋನು ಎಂದರೆ ಕಣ್ಣಿಗೆ ಕಾಣುವ ವಸ್ತು. ಬಣ್ಣ ಸರಿ, ಡಯಲ್ ಸರಿ, ಚೀಟಿ ಸರಿ. ಕಟ್ಟಿದ ದಾರವನ್ನು ಎಂದೂ ಬಿಚ್ಚಿ ಅಭ್ಯಾಸವಿಲ್ಲದ ಕೈ ಅಂದೂ ಬಿಚ್ಚಲಿಲ್ಲ.

ಅಕ್ಕ ಕಾಫಿ ತಂದವಳು ರಿಸೀವರ್ ಎತ್ತಿ ನೋಡಿದಳು. "ಹಗುರ ಆಗಿದೆಯಲ್ಲೋ?"

"ಒಳಗೆ ಎಷ್ಟು ಧೂಳಿತ್ತು ಗೊತ್ತಾ ಅಕ್ಕ. ಎಲ್ಲ ತೆಗೆದೆ."

"ಒಳ್ಳೇದಾಯ್ತು ಬಿಡು. ನೀನಿಲ್ಲದಿದ್ರೆ ಇದನ್ನೆಲ್ಲ ಯಾರು ಮಾಡ್ತಿದ್ರು" ಎಂದು ಅವನ ಬೆನ್ನು ಸವರಿದಳು. ಸವರಿಸಿಕೊಂಡ. ಕಾಫಿಯನ್ನೂ ಕುಡಿದ.

ಅಸಲಿ ನೀಲಿ ಮನೆಗೆ ಬಂದ ದಿನ ಅವನು ಅಂಗಡಿಯನ್ನೇ ತೆರೆಯಲಿಲ್ಲ. ಹೆಂಡತಿ ಹಲಗೆಯ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. "ಅತ್ತಿಗೆ ಕೊಟ್ರಾ?" ಎಂದು ಕೇಳಿದಳು. "ಹೂಂ" ಎಂದ. "ಅವರು ಕೊಟ್ಟಿರಲ್ಲ" ಎಂದಳು. ಅವನು ಕಿಟಕಿಯ ಕಡೆ ಮುಖ ಮಾಡಿ ಚಾಳೀಸು ಒರೆಸಿಕೊಳ್ಳುತ್ತ ಕೂತ. ಅವಳೂ ಮುಂದೆ ಕೆದಕಲಿಲ್ಲ, ಆ ಮನೆಯಲ್ಲಿ ಕೆದಕಿ ಏನಾದರೂ ಆದದ್ದುಂಟೇ? ಸಂಜೆ ಹಲ್ಲಿನ ಡಾಕ್ಟರು ಬಂದರು. ತಿರುಪು ಬಿಚ್ಚಿ, ತಳ ತೆಗೆದು, ಒಳಗಿನ ಗೋಡೆಗೆ ಟಾರ್ಚು ಬಿಟ್ಟು ನೋಡಿದರು. ಒಳಗೂ ನೀಲಿ. ಬಣ್ಣ ಹೊಡೆದದ್ದಲ್ಲ, ಅಚ್ಚಿನಲ್ಲೇ ಬಂದದ್ದು. "ನಂಬರ್ ಚೀಟಿ ಕೂಡ ಹಳೇದೇ ಉಳಿಸಿದ್ದೀರಲ್ಲ. ಇದಕ್ಕೇ ಬೆಲೆ ಇರೋದು. ಇದನ್ನ ಮಾತ್ರ ತೆಗೀಬೇಡಿ" ಎಂದು ಹಲ್ಲು ಕಚ್ಚಿಕೊಂಡು ಹೊಗಳಿದರು. ಆ ರಾತ್ರಿ ಹಲೋ ಮಾವನಿಗೆ ಮಗುವಿನಂಥ ನಿದ್ದೆ.

ದಾರದ ನೆನಪು ಬಂದದ್ದು ಕೆಲವು ವಾರದ ಮೇಲೆ. ಯಾರಿಂದಲೋ ಕೊಂಡ ಹಸಿರು ಫೋನೊಂದರ ಸುತ್ತಿಗೆಗೆ ದಾರ ಸುತ್ತುತ್ತಿದ್ದ. ಕೈ ಗಕ್ಕನೆ ನಿಂತಿತು. ಅಕ್ಕನ ಮನೇದು ಬಿಚ್ಚಿದೆನಾ? ನೆನಪು ಮಾಡಿಕೊಂಡ. ಬಿಚ್ಚಿರಲಿಲ್ಲ. ಎದೆ ಧಸಕ್ಕೆಂದಿತು, ಸುಳ್ಳೇಕೆ ಹೇಳಬೇಕು, ನಿಜವಾಗಿಯೂ ಧಸಕ್ಕೆಂದಿತು. ಅಲ್ಲಿಯ ತನಕ ಅವನಿಗೆ ಗೊತ್ತಾಗದೇ ಹೋದದ್ದು ಹೇಗೆಂದರೆ, ತಾನಾಗಿ ಅಕ್ಕನಿಗೆ ಫೋನು ಮಾಡಿದವನೇ ಅಲ್ಲ ಅವನು. ಬೇಕಾದಾಗ ಅವಳೇ ಮಾಡುತ್ತಿದ್ದಳು, ಆ ಕಡೆಯಿಂದ ಎಲ್ಲ ಸರಿಯಾಗೇ ಹೋಗುತ್ತಿತ್ತು.

ಭಾನುವಾರ ಹೋಗಿ ಬಿಚ್ಚಿಬರಬೇಕು ಎಂದುಕೊಂಡ. ಭಾನುವಾರ ಪ್ರದರ್ಶನದ ಸಭೆ ಇತ್ತು. ಮುಂದಿನ ಭಾನುವಾರ ಮೇಜಿನ ಬಟ್ಟೆ ಹೊಲಿಸುವುದಿತ್ತು. ಅಲ್ಲದೆ ಮತ್ತೆ ತಳ ಬಿಚ್ಚಿದರೆ ಅಕ್ಕ ಪಕ್ಕದಲ್ಲೇ ಕೂರುತ್ತಾಳೆ, ಒಳಗೆ ಬಣ್ಣ ತಾಗದ ಬಿಳಿ ಗೋಡೆ ಕಂಡರೂ ಕಂಡೀತು. ಪಕ್ಕದ ಮನೆಯವಳ ಕಣ್ಣು ಚುರುಕು. ಹೀಗೆ ಒಂದಕ್ಕೊಂದು ನೆಪ ಹೊಸೆದ. ಕೊನೆಗೆ ಎಲ್ಲಕ್ಕಿಂತ ಗಟ್ಟಿಯಾದ ನೆಪವೊಂದು ಸಿಕ್ಕಿತು. ಅವಳಿಗೆ ಯಾರು ಫೋನು ಮಾಡುತ್ತಾರೆ? ಅದಾದ ಮೇಲೆ ಅವನು ಆ ವಿಷಯ ಯೋಚಿಸುವುದನ್ನೇ ಬಿಟ್ಟ.

ಪ್ರದರ್ಶನ ಜೋರಾಗಿ ನಡೆಯಿತು. ನಡುವಿನ ಮೇಜು, ಬಿಳಿ ಬಟ್ಟೆ, ಅರ್ಧಚಂದ್ರಾಕಾರದಲ್ಲಿ ಫೋನುಗಳು, ಮಧ್ಯದಲ್ಲಿ ನೀಲಿ. ಹಲೋ ಮಾವ ಇಸ್ತ್ರಿ ಮಾಡಿದ ಕೋಟು ಹಾಕಿ ನೀಲಿ ಫೋನಿನ ರಿಸೀವರ್ ಕಿವಿಗಿಟ್ಟು ನಗುತ್ತ ನಿಂತ. ಫೋಟೋ ತೆಗೆದರು. ಪತ್ರಿಕೆಯಲ್ಲಿ ಬಂತು, ಮೊಬೈಲಿನಿಂದ ಮೊಬೈಲಿಗೂ ಹರಿದಾಡಿತು. ಕೆಳಗೆ, ಹಳೇ ಫೋನು ಇದ್ದವರು ಸಂಪರ್ಕಿಸಿ ಎಂದು ಅವನ ನಂಬರು. ಊರವರೆಲ್ಲ ಕೈ ಕುಲುಕಿದರು. ಹೆಂಡತಿ ಮಾತ್ರ ಫೋಟೋ ನೋಡಿ "ಫೋನಿಗಿಂತ ನೀವೇ ಹೊಳೀತಿದ್ದೀರ" ಎಂದು ಒಳಗೆ ಹೋದಳು.

ಎರಡು ಮೂರು ದಿನ ಬಿಟ್ಟು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಒಂದು ಗೊತ್ತಿಲ್ಲದ ನಂಬರಿನಿಂದ ಮೊಬೈಲು ರಿಂಗಾಯಿತು. ಯಾರೋ ಫೋನು ಮಾರುವವರು ಇರಬೇಕು ಎಂದು ಖುಷಿಯಿಂದ ಎತ್ತಿದ.

"ಮಾವ, ನಾನು."

ದನಿ ಗುರುತು ಹತ್ತಿತು. ಅಕ್ಕನ ಮಗಳು. ಅವನು ಕೈಯಲ್ಲಿದ್ದ ಮಿಕ್ಸಿ ಜಾರು ಕೆಳಗಿಟ್ಟ.

"ಪೇಪರಲ್ಲಿ ನಿಮ್ಮ ಫೋಟೋ ನೋಡಿದೆ. ಅದು ನಮ್ಮನೆ ಫೋನಲ್ವಾ? ದೊಡ್ಡದು ಮಾಡಿ ನೋಡಿದೆ. ನಡುವೆ ಅಪ್ಪನ ಅಕ್ಷರದಲ್ಲಿ ನಮ್ಮ ನಂಬರೇ ಇದೆ."

ಅವಳೇ ಮುಂದುವರಿಸಿದಳು. ಮಗು ಹುಟ್ಟಿತಂತೆ, ಹೆಣ್ಣು. ಬಾಣಂತನದಲ್ಲಿ ಮಲಗಿದ್ದಾಗ ಅಮ್ಮನ ನೆನಪು ಬಹಳ ಕಾಡಿತಂತೆ. ಸಿಟ್ಟು ಸೆಡವು ಎಲ್ಲ ಬಿಟ್ಟು ಫೋನು ಮಾಡಿದಳಂತೆ. ಒಂದು ಸಲವಲ್ಲ, ವಾರಗಟ್ಟಲೆ. ಬೆಳಿಗ್ಗೆ, ಸಂಜೆ, ಅಮ್ಮ ಮನೆಯಲ್ಲೇ ಇರುವ ಹೊತ್ತು ನೋಡಿ ನೋಡಿ. ಆ ಕಡೆ ರಿಂಗಾಗುವುದು ಕೇಳಿಸುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

"ನನ್ನದೇ ಫೋನು ಅಂತ ಗೊತ್ತಾಗಿ ಎತ್ತುತ್ತಿಲ್ವೇನೋ, ಅವಳಿಗೆ ಇನ್ನೂ ಸಿಟ್ಟು ಹೋಗಿಲ್ವೇನೋ ಅಂತ ಏನೇನೋ ಅಂದ್ಕೊಂಡೆ. ಈಗ ನಿಮ್ಮ ಫೋಟೋ ನೋಡಿದೆ. ನಿಜ ಹೇಳಿ ಮಾವ. ಅಮ್ಮ ಆ ಫೋನನ್ನ ನಿಮಗೆ ಕೊಟ್ಟುಬಿಟ್ಟಳಾ?"

ಹಿಂದೆ ಮಗುವಿನ ದನಿ ಕೇಳುತ್ತಿತ್ತು, ಅಳುವಲ್ಲ, ಸುಮ್ಮನೆ ಏನೋ ಊಂಗುಟ್ಟುತ್ತಿತ್ತು.

ಈಗ ಅವನಿಗಿದ್ದದ್ದು ಎರಡೇ ಉತ್ತರ. ಕೊಟ್ಟಳು ಎನ್ನಬೇಕು, ಇಲ್ಲವೇ ಕದ್ದೆ ಎನ್ನಬೇಕು. ಕದ್ದೆ ಎಂದರೆ ಅಕ್ಕನಿಗೆ ಗೊತ್ತಾಗುತ್ತದೆ, ಅಕ್ಕನಿಂದ ಪಕ್ಕದ ಮನೆಗೆ, ಅಲ್ಲಿಂದ ಹಲ್ಲಿನ ಡಾಕ್ಟರಿಗೆ. ನಡುವಿನ ಮೇಜು, ಕೋಟು, ಕೈ ಕುಲುಕಿದ ಊರವರು. ಒಂದು ಕಡೆ ಇವೆಲ್ಲ, ಇನ್ನೊಂದು ಕಡೆ ಅಕ್ಕ.

"ಹೂಂ ಕಣಮ್ಮ" ಎಂದ. "ಅವಳೇ ಕೊಟ್ಟಳು."

ಆ ಕಡೆ ಮಗುವಿನ ಬೆನ್ನು ತಟ್ಟುವ ಸದ್ದು ಕೇಳಿಸಿತು.

"ಏನಾದ್ರೂ ಅಂದಳಾ ಕೊಡುವಾಗ?"

"ಇನ್ನು ಯಾರ ಫೋನೂ ಬೇಡ ಅಂದಳು." ಇದು ಬೇಕಾಗಿರಲಿಲ್ಲ. ಆದರೆ ಸುಳ್ಳಿಗೆ ಒಂದು ಕಾಲು ಸಾಲುವುದಿಲ್ಲ, ಇನ್ನೊಂದು ಕೊಡಲೇಬೇಕು.

"ಆಯ್ತು ಮಾವ. ನಾನು ಮಾಡಿದ್ದೆ ಅಂತ ಹೇಳಬೇಡಿ. ಇನ್ನು ಆ ನಂಬರಿಗೆ ಮಾಡಲ್ಲ" ಎಂದಳು. ಅಳುತ್ತಿದ್ದಳೋ ಏನೋ, ಇಟ್ಟುಬಿಟ್ಟಳು. ಅವನು ಮಗುವಿನ ಹೆಸರನ್ನು ಕೂಡ ಕೇಳಲಿಲ್ಲ.

ಊಟಕ್ಕೆ ಕರೆಯಲು ಇಳಿದುಬಂದ ಹೆಂಡತಿ "ಯಾರು?" ಎಂದಳು. "ರಾಂಗ್ ನಂಬರ್" ಎಂದ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಂತಾರೆ. ಅವನಿಗೆ ದೊಣ್ಣೆ ತಪ್ಪಿತ್ತು. ಅದು ಯಾರ ಮೈಮೇಲೆ ಬಿತ್ತು ಎಂದು ಅವನು ತಿರುಗಿ ನೋಡಲಿಲ್ಲ.

ತಿಂಗಳೊಪ್ಪತ್ತು ಕಳೆದ ಮೇಲೆ ಅಕ್ಕನಿಂದಲೇ ಫೋನು ಬಂತು. "ನಾಳೆ ಒಂದು ಸಲ ಬಂದು ಹೋಗೋ. ನಿನ್ನ ಹತ್ರ ಒಂದು ವಿಷಯ ಇದೆ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಗೊತ್ತಾಯಿತು, ಮಗಳು ಹೇಗೋ ಮುಟ್ಟಿಸಿದ್ದಾಳೆ ಎಂದು ರಾತ್ರಿಯೆಲ್ಲ ಹೊರಳಾಡಿದ. ಬೆಳಿಗ್ಗೆ ಹೊರಡುವಾಗ ಜೇಬಿಗೆ ಸ್ಕ್ರೂಡ್ರೈವರ್ ಹಾಕಿಕೊಂಡ. ಹೇಗಾದರೂ ಸಮಯ ನೋಡಿ ಆ ದಾರವನ್ನು ಇವತ್ತು ಬಿಚ್ಚಿಯೇಬಿಡುವುದು, ಆಮೇಲೆ ಹುಡುಗಿಗೆ ಇನ್ನೊಂದು ಸಲ ಮಾಡಿ ನೋಡು ಅಂತ ಹೇಳುವುದು ಎಂದು ಬಸ್ಸಿನಲ್ಲಿ ಯೋಚನೆ ಮಾಡಿದ. ಇಷ್ಟು ಒಳ್ಳೆಯ ಯೋಚನೆ ಅವನಿಗೆ ಬಂದದ್ದು ಅದೇ ಮೊದಲು. ತಡವಾಗಿ ಬಂತು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಸಿಟ್ಟಿಲ್ಲ. ಒಳಕೋಣೆಯ ಮೇಜು ಖಾಲಿ. ಗೋಡೆಯಲ್ಲಿ ತಂತಿ ಬರುತ್ತಿದ್ದ ಕಡೆ ಸಣ್ಣ ತೂತು ಮಾತ್ರ ಉಳಿದಿತ್ತು.

"ಬೆಳಿಗ್ಗೆ ಲೈನ್‌ಮನ್ ಬಂದು ತಂತಿ ಬಿಚ್ಚಿಕೊಂಡು ಹೋದ. ಲೈನು ತೆಗೆಸಿಬಿಟ್ಟೆ ಕಣೋ" ಎಂದಳು. "ಎಷ್ಟು ತಿಂಗಳಾಯ್ತು, ಒಂದೇ ಒಂದು ಸಲ ರಿಂಗಾಗಲಿಲ್ಲ. ಮೊದಲೆಲ್ಲ ರಾಂಗ್ ನಂಬರಾದ್ರೂ ಬರ್ತಿತ್ತು, ಎದ್ದು ಓಡಿಹೋಗಿ ಎತ್ತುತ್ತಿದ್ದೆ. ಈಗ ಅದೂ ಇಲ್ಲ. ಇಲ್ಲದ ಸದ್ದು ಕೇಳಿಸೋಕೆ ಶುರುವಾಯ್ತು. ಎದ್ದು ಹೋಗಿ ಎತ್ತೋದು, ಬರೀ ಟೋನು. ಮೊನ್ನೆ ಅದೇ ಗಡಿಬಿಡೀಲಿ ಬಚ್ಚಲಲ್ಲಿ ಜಾರಿಬಿದ್ದೆ." ಮೊಣಕೈ ತೋರಿಸಿದಳು, ತರಚಿ ಕೆಂಪಗಾಗಿತ್ತು. "ಬಿದ್ದಲ್ಲೇ ಕೂತು ಯೋಚನೆ ಮಾಡ್ದೆ. ಅವಳಿಗೆ ಬೇಡದ ತಾಯಿ ನಾನು. ಸುಮ್ಮನೆ ಕಿವಿ ಕೊಟ್ಟು ಕೂತ್ರೆ ಏನು ಬಂತು?"

ಒಳಗಿನಿಂದ ಒಂದು ಗಂಟು ತಂದು ಅವನ ಮಡಿಲಲ್ಲಿ ಇಟ್ಟಳು. ಒಗೆದ ಟವಲಿನಲ್ಲಿ ಸುತ್ತಿದ ಫೋನು. ಟವಲು ಸರಿದ ಕಡೆ, ಮೂಲೆಯಲ್ಲಿ ಬಣ್ಣ ಎದ್ದು ಅಡಿಯ ಬಿಳುಪು ಇಣುಕುತ್ತಿತ್ತು. ಅಕ್ಕನ ಕಣ್ಣಿಗೆ ಅದು ಕಾಣಿಸುವಂತಿರಲಿಲ್ಲ.

"ತಗೋ. ಎಷ್ಟು ವರ್ಷದಿಂದ ಆಸೆಪಟ್ಟಿದ್ದೆ ನೀನು. ಒಂದು ಸಾಮಾನಿಗೋಸ್ಕರ ತಮ್ಮನಿಗೆ ಇಲ್ಲ ಇಲ್ಲ ಅಂತ ಬಾಯಿ ಕಟ್ಟಿ ಇಟ್ಟೆನಲ್ಲ ಅಂತ ನನಗೇ ಬೇಜಾರಾಯ್ತು."

ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಟವಲು ಎಳೆದು ಆ ಮೂಲೆ ಮುಚ್ಚಿ ಗಂಟನ್ನು ಎದೆಗವಚಿಕೊಂಡ. ಅಕ್ಕ ಅದನ್ನು ಪ್ರೀತಿ ಎಂದುಕೊಂಡಳು. ಅವನ ಎದುರು ನೆಲದ ಮೇಲೆ ಕೂತು, ಸ್ವಲ್ಪ ತಡೆದು ತಡೆದು ಕೇಳಿದಳು.

"ಒಂದು ಮಾತು ಕೇಳ್ತೀನಿ, ಮುಚ್ಚಿಡಬೇಡ. ನಿನಗೇನಾದ್ರೂ ಯಾವಾಗಲಾದ್ರೂ ಫೋನ್ ಗೀನ್ ಮಾಡಿದ್ಲಾ ಅವಳು?"

ಹುಡುಗಿಯ ನಂಬರು ಅವನ ಅಂಗಿ ಜೇಬಿನ ಮೊಬೈಲಿನಲ್ಲಿತ್ತು. ಅಳಿಸಿರಲಿಲ್ಲ. ತೆಗೆದು, ಒತ್ತಿ, ಅಕ್ಕನ ಕೈಗೆ ಕೊಟ್ಟರೆ ಸಾಕಿತ್ತು. ಬೈಗುಳ ತಿನ್ನುತ್ತಿದ್ದ, ಊ‌ರವರ ಬಾಯಿಗೆ ಬೀಳುತ್ತಿದ್ದ, ಅಕ್ಕ ಬಾಗಿಲು ತೋರಿಸುತ್ತಿದ್ದಳೋ ಏನೋ. ಅವಳ ಮಗಳು ಮಾತ್ರ ಸಿಗುತ್ತಿದ್ದಳು. ಕೈ ಜೇಬಿನ ತನಕ ಹೋಯಿತು. ಅಲ್ಲಿಂದ ಕರವಸ್ತ್ರ ತೆಗೆದುಕೊಂಡು ಮುಖ ಒರೆಸಿಕೊಂಡ.

"ಇಲ್ಲ ಅಕ್ಕ."

ಅಕ್ಕ ದೊಡ್ಡದಾಗಿ ಉಸಿರು ಬಿಟ್ಟಳು. "ಸದ್ಯ. ನಿನಗೆ ಮಾಡಿ ನನಗೆ ಮಾಡದೇ ಇದ್ದಿದ್ರೆ ಅದು ಸಹಿಸೋಕೆ ಆಗ್ತಿರಲಿಲ್ಲ ನೋಡು" ಎಂದು ನೆಲಕ್ಕೆ ಕೈಯೂರಿ ಎದ್ದಳು. "ಏಳು, ಕೈ ತೊಳ್ಕೋ. ನೀನು ಬರ್ತೀಯ ಅಂತ ಮಾಡಿಟ್ಟಿದ್ದೀನಿ, ಆರಿ ಹೋಗುತ್ತೆ."

ಎದ್ದ. ಕೈ ತೊಳೆದ. ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತ. ಅಕ್ಕ ತಡಕಾಡಿ ಬಡಿಸಿದ್ದನ್ನೆಲ್ಲ ಉಂಡ. ಅವಳು ಇನ್ನೊಂದು ಸಲ ಬಡಿಸಲು ಬಂದಾಗ ಬೇಡ ಎನ್ನಲಿಲ್ಲ.